ಗೃಹ ಎರೆಹುಳು ಸಾಕಣೆ: ಬೆಂಗಳೂರಿನ ಉತ್ತರಭಾಗದ ಸಂದರ್ಭದಲ್ಲಿ

ಅಡುಗೆಮನೆಯಲ್ಲಿ ಪ್ರತಿದಿನವೂ ಉಳಿಯುವ ಸಿಪ್ಪೆ, ದಂಟು, ತೊಟ್ಟು, ಚರಟ ಮೊದಲಾದ ಸಸ್ಯಜನ್ಯ ಶೇಷಗಳನ್ನು ಮನೆಯ ಆವರಣದೊಳಗೇ ಒಂದು ತೊಟ್ಟಿಯಲ್ಲಿ ಎರೆಹುಳುಗಳಿಗೆ ಆಹಾರವಾಗಿ ಒದಗಿಸಿ, ಆ ಜೀವಿಗಳ ಜೀರ್ಣನಾಳದ ಮೂಲಕ ಹಾದು ಹೊರಬಂದ ಕಪ್ಪು ಹಿಕ್ಕೆಯನ್ನು ಗೊಬ್ಬರವಾಗಿ ಪಡೆಯುವ ವಿಧಾನಕ್ಕೆ ಗೃಹ ಎರೆಹುಳು ಸಾಕಣೆಯೆಂದು ಹೆಸರು. ಹೀಗೆ ದೊರೆತ ವಸ್ತುವನ್ನು ಎರೆಗೊಬ್ಬರವೆಂದೂ, ಅದನ್ನು ಸಿದ್ಧಪಡಿಸುವ ಪಾತ್ರೆಯನ್ನು ಎರೆತೊಟ್ಟಿಯೆಂದೂ ಕರೆಯುವ ವಾಡಿಕೆಯಿದೆ. ಇದನ್ನು ಕಸದ ವಿಲೇವಾರಿಯ ಒಂದು ಉಪಾಯವೆಂದಷ್ಟೇ ಭಾವಿಸಿ ಆರಂಭಿಸಿದವರು ಬೇಗನೆ ಬೇಸತ್ತು ಕೈಬಿಡುವುದುಂಟು. ವಾಸ್ತವವಾಗಿ ಇದು ಹೈನುಗಾರಿಕೆ, ರೇಷ್ಮೆ ಕೃಷಿ, ಜೇನು ಸಾಕಣೆಗಳ ಪಂಕ್ತಿಗೆ ಸೇರತಕ್ಕ ಜೀವಪಾಲನೆಯಾಗಿದ್ದು, ಸಾಕುವವನು ಜೀವಿಯ ಸ್ವಭಾವವನ್ನರಿತು ಅದರ ಆಹಾರ, ನೀರು, ನೆರಳು, ಗಾಳಿಗಳನ್ನು ಹಿತವಾದ ಪ್ರಮಾಣದಲ್ಲಿ ಒದಗಿಸುವುದರ ಮೇಲೆಯೇ ಇದರ ಸಿದ್ಧಿ ನಿಂತಿದೆ. ಹೆಬ್ಬಾಳ, ಯಲಹಂಕ, ಯಶವಂತಪುರ, ಆರ್.ಟಿ. ನಗರಗಳನ್ನೊಳಗೊಂಡ ಬೆಂಗಳೂರಿನ ಉತ್ತರಭಾಗವು ಈ ವಿದ್ಯೆಯ ಶಾಸ್ತ್ರೀಯ ಅಧ್ಯಯನಕ್ಕೂ, ಅದರ ಅಗತ್ಯವನ್ನು ಕಠೋರವಾಗಿ ಮನಗಾಣಿಸಿದ ನಾಗರಿಕ ಸಂಕಟಕ್ಕೂ ಏಕಕಾಲದಲ್ಲಿ ನೆಲೆಯಾದ ಪ್ರದೇಶವಾಗಿರುವುದರಿಂದ, ಅದನ್ನೇ ಕೇಂದ್ರವಾಗಿಟ್ಟುಕೊಂಡು ವಿಷಯವನ್ನು ಇಲ್ಲಿ ನಿರೂಪಿಸಲಾಗಿದೆ.

ಐತಿಹಾಸಿಕ ಹಿನ್ನೆಲೆ

ಎರೆಹುಳುವನ್ನು ರೈತನ ಮಿತ್ರನೆಂದು ನಮ್ಮ ಜನ ಬಹುಕಾಲದಿಂದ ಬಲ್ಲವರಾದರೂ, ಅದರ ಕಾರ್ಯವನ್ನು ಅಳೆದು ತೂಗಿ ವಿಜ್ಞಾನದ ಕಕ್ಷೆಗೆ ತಂದವನು ಚಾರ್ಲ್ಸ್ ಡಾರ್ವಿನ್. ತನ್ನ ನಿಧನಕ್ಕೆ ಕೆಲವೇ ತಿಂಗಳ ಮುಂಚೆ, 1881ರಲ್ಲಿ, ಅವನು ಪ್ರಕಟಿಸಿದ ಕೊನೆಯ ಗ್ರಂಥಕ್ಕೆ ವಿಷಯವಾದುದು ಈ ಅಲ್ಪಜೀವಿಯೇ. ಭೂಮಿಯ ಮೇಲ್ಮಣ್ಣು ಅಸಂಖ್ಯ ಹುಳುಗಳ ಶರೀರವನ್ನು ಹಾದು ಬಂದುದೆಂಬುದನ್ನು ಅವನು ದೀರ್ಘಕಾಲದ ಅವಲೋಕನಗಳಿಂದ ಅದರಲ್ಲಿ ಸ್ಥಾಪಿಸಿದನು. ಹುಳುಗಳನ್ನು ಪೆಟ್ಟಿಗೆಯಲ್ಲಿಟ್ಟು ಮನೆಯ ಅಡುಗೆಕಸವನ್ನು ತಿನ್ನಿಸುವ ಪದ್ಧತಿಯನ್ನು ಪಾಶ್ಚಾತ್ಯ ದೇಶಗಳಲ್ಲಿ ಲೋಕಪ್ರಿಯಗೊಳಿಸಿದವರಲ್ಲಿ ಅಮೆರಿಕದ ಮೇರಿ ಆಪಲ್‌ಹಾಫ್ ಅಗ್ರಗಣ್ಯರು. ಅವರ ಕೈಪಿಡಿಯು ಪ್ರಕಟವಾದುದು 1982ರಲ್ಲಿ.

ಬೆಂಗಳೂರಿನಲ್ಲಿ ಕಸವನ್ನು ಗೊಬ್ಬರವಾಗಿಸುವ ಶಾಸ್ತ್ರೀಯ ಪ್ರಯತ್ನಕ್ಕೆ ಇದಕ್ಕಿಂತ ಹಳೆಯ ಚರಿತ್ರೆಯುಂಟು. ಯಶವಂತಪುರಕ್ಕೆ ಸಮೀಪದಲ್ಲಿರುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1939ರಲ್ಲಿ ಸಿ. ಎನ್. ಆಚಾರ್ಯರು ರೂಪಿಸಿದ ಕ್ರಮವು ಇಂದಿಗೂ ಕೃಷಿಗ್ರಂಥಗಳಲ್ಲಿ ‘ಬೆಂಗಳೂರು ವಿಧಾನ’ವೆಂದೇ ಪ್ರಸಿದ್ಧವಾಗಿದೆ. ಊರಿನ ಕಸವನ್ನೂ ಮಲವನ್ನೂ ಗುಂಡಿಯಲ್ಲಿ ಪದರಪದರವಾಗಿ ತುಂಬಿ, ಮೇಲೆ ಮಣ್ಣು ಮೆತ್ತಿ, ಮಗುಚದೆ ತಿಂಗಳುಗಟ್ಟಲೆ ಕಳಿಯಲು ಬಿಡುವ ಆ ಕ್ರಮದಲ್ಲಿ ಸೂಕ್ಷ್ಮಾಣುಜೀವಿಗಳದೇ ಸಮಸ್ತ ಕಾರ್ಯ. ಎರೆಹುಳುವಿಗೆ ಅಲ್ಲಿ ಸ್ಥಾನವಿರಲಿಲ್ಲ.

ಆ ಸ್ಥಾನವನ್ನು ದೊರಕಿಸಿಕೊಟ್ಟುದು ಹೆಬ್ಬಾಳ. 1899ರಲ್ಲಿ, ಮೈಸೂರಿನ ರಾಜಪ್ರತಿನಿಧಿಯಾಗಿದ್ದ ಮಹಾರಾಣಿ ವಾಣೀವಿಲಾಸ ಸನ್ನಿಧಾನದವರು ದಯಪಾಲಿಸಿದ 30 ಎಕರೆ ಭೂಮಿಯಲ್ಲಿ ಇಲ್ಲಿ ಕೃಷಿ ಪ್ರಯೋಗಕ್ಷೇತ್ರವು ಆರಂಭವಾಯಿತು. ಅದೇ ಪರಂಪರೆಯ ಮುಂದುವರಿಕೆಯಾಗಿ 1964ರಲ್ಲಿ ಕೃಷಿ ವಿಶ್ವವಿದ್ಯಾನಿಲಯವು ಸ್ಥಾಪಿತವಾಗಿ, ಹೆಬ್ಬಾಳಕ್ಕೂ ಯಲಹಂಕಕ್ಕೂ ನಡುವೆ ಗಾಂಧಿ ಕೃಷಿ ವಿಜ್ಞಾನ ಕೇಂದ್ರವೆಂಬ ವಿಶಾಲವಾದ ಆವರಣವು ಬೆಳೆಯಿತು. ಈ ವಿಶ್ವವಿದ್ಯಾನಿಲಯದಲ್ಲಿ ಡಾ. ರಾಧಾ ಡಿ. ಕಾಳೆಯವರು ಎರೆಹುಳುಗಳ ಅಧ್ಯಯನವನ್ನು ತಮ್ಮ ಜೀವನದ ಸಾಧನೆಯಾಗಿ ಕೈಗೊಂಡರು. ಕೆ. ಬಾನು ಮತ್ತು ಆರ್. ವಿ. ಕೃಷ್ಣಮೂರ್ತಿಯವರೊಡನೆ ಅವರು 1982ರಲ್ಲಿ ಪ್ರಕಟಿಸಿದ ಪ್ರಬಂಧವು ನಮ್ಮ ದೇಶದ ಹುಳುವಾದ ಪೆರಿಯೋನಿಕ್ಸ್ ಎಕ್ಸ್‌ಕವೇಟಸ್ ಸಾವಯವ ತ್ಯಾಜ್ಯಗಳನ್ನು ಬಳಸಿಕೊಳ್ಳುವ ಸಾಮರ್ಥ್ಯವನ್ನು ವಿವರಿಸಿತು; ಅನಂತರದ ವರ್ಷಗಳಲ್ಲಿ ಆಫ್ರಿಕಾ ಮೂಲದ ಯೂಡ್ರಿಲಸ್ ಯೂಜೀನಿಯೆ ಎಂಬ ಹುಳುವನ್ನು ಸಾಕುವ ಕ್ರಮವೂ, ಅದರ ಹಿಕ್ಕೆಯನ್ನು ಹೊಲಗಳಲ್ಲಿ ಪರೀಕ್ಷಿಸುವ ಕಾರ್ಯವೂ ನಡೆದುವು. ಪ್ರಸಿದ್ಧ ಸೂಕ್ಷ್ಮಾಣುಜೀವಿ ವಿಜ್ಞಾನಿಗಳಾದ ಡಿ. ಜೆ. ಭಾಗ್ಯರಾಜರೂ ಸಹಭಾಗಿಗಳಾಗಿದ್ದ 1992ರ ಅಧ್ಯಯನವೊಂದು, ಎರೆಗೊಬ್ಬರವನ್ನು ಪಡೆದ ಭತ್ತದ ಗದ್ದೆಯಲ್ಲಿ ಸಾರಜನಕವನ್ನು ಸ್ಥಿರೀಕರಿಸುವ ಸೂಕ್ಷ್ಮಜೀವಿಗಳು ಹೆಚ್ಚಿದುದನ್ನು ತೋರಿಸಿತು. ಎರೆಗೊಬ್ಬರದ ಮಹಿಮೆಯು ಅದರಲ್ಲಿರುವ ಪೋಷಕಾಂಶಗಳ ಮೊತ್ತದಲ್ಲಿ ಮಾತ್ರವೇ ಅಡಗಿಲ್ಲವೆಂಬುದು, ಮಣ್ಣಿನ ಜೀವಸಂಕುಲವನ್ನು ಅದು ಪೋಷಿಸುವ ರೀತಿಯಲ್ಲಿಯೂ ಅಡಗಿದೆಯೆಂಬುದು ಇಂತಹ ಪ್ರಯೋಗಗಳ ಸಾರ.

ಜೀವಿಯ ಸ್ವರೂಪ

ಎರೆಹುಳುವಿಗೆ ಕಣ್ಣಿಲ್ಲ, ಕಿವಿಯಿಲ್ಲ, ಹಲ್ಲಿಲ್ಲ, ಶ್ವಾಸಕೋಶವೂ ಇಲ್ಲ. ಅದು ಉಸಿರಾಡುವುದು ತೇವವಾದ ಚರ್ಮದ ಮೂಲಕ. ಚರ್ಮವು ಒಣಗಿದರೆ ಹೇಗೆ ಅದಕ್ಕೆ ಮೃತ್ಯುವೋ, ನೀರು ನಿಂತು ಗಾಳಿಯು ಇಲ್ಲದಂತಾದರೂ ಹಾಗೆಯೇ ಮೃತ್ಯು. ಬೆಳಕನ್ನು ಚರ್ಮದಿಂದಲೇ ಗ್ರಹಿಸಿ ಅದರಿಂದ ದೂರ ಸರಿಯುತ್ತದೆ. ನುಂಗಿದ ಆಹಾರವು ಸಣ್ಣ ಮರಳಿನ ಕಣಗಳೊಡನೆ ಅರೆಜಠರದಲ್ಲಿ ನುರಿದು, ಕರುಳಿನ ಕಿಣ್ವಗಳಿಂದಲೂ ಅಲ್ಲಿ ನೆಲೆಸಿರುವ ಸೂಕ್ಷ್ಮಾಣುಗಳಿಂದಲೂ ಜೀರ್ಣವಾಗುತ್ತದೆ. ಹಸಿ ಸಿಪ್ಪೆಯನ್ನು ಹುಳು ಕಚ್ಚಿ ತಿನ್ನಲಾರದೆಂಬುದನ್ನು ಇಲ್ಲಿ ಮುಖ್ಯವಾಗಿ ಗಮನಿಸಬೇಕು: ಮೊದಲು ಬ್ಯಾಕ್ಟೀರಿಯ ಮತ್ತು ಶಿಲೀಂಧ್ರಗಳು ಅದನ್ನು ಮೆದುವಾಗಿಸುತ್ತವೆ, ಅನಂತರ ಹುಳುವು ಆ ಸೂಕ್ಷ್ಮಜೀವಿಗಳ ಸಮೇತ ಅದನ್ನು ಹೀರಿಕೊಳ್ಳುತ್ತದೆ. ತೊಟ್ಟಿಗೆ ಹಾಕಿದ ಆಹಾರವು ಎರಡು ಮೂರು ದಿನ ಹಾಗೆಯೇ ಇರುವುದನ್ನು ಕಂಡು ಹೊಸಬರು ಅಧೀರರಾಗಬೇಕಾದ ಕಾರಣವಿಲ್ಲ.

ಪ್ರತಿಯೊಂದು ಹುಳುವಿನಲ್ಲಿಯೂ ಸ್ತ್ರೀಪುರುಷ ಅಂಗಗಳೆರಡೂ ಇರುತ್ತವೆ. ಆದರೂ ಸಂತಾನಕ್ಕೆ ಸಾಮಾನ್ಯವಾಗಿ ಎರಡು ಹುಳುಗಳ ಸಂಯೋಗ ಅವಶ್ಯ. ಪ್ರಾಯಕ್ಕೆ ಬಂದ ಹುಳುವಿನ ದೇಹದ ಮುಂಭಾಗದಲ್ಲಿ ದಪ್ಪನೆಯ ಪಟ್ಟಿಯೊಂದು ಕಾಣಿಸುವುದು. ಮೊಟ್ಟೆಗಳನ್ನೊಳಗೊಂಡ ಕೋಶವು ರೂಪುಗೊಳ್ಳುವುದು ಇದರಿಂದಲೇ. ಕಾಳಿನ ಗಾತ್ರದ ಈ ಕೋಶಗಳಿಂದ ಎರಡು ಮೂರು ವಾರಗಳಲ್ಲಿ ಮರಿಗಳು ಹೊರಬಂದು, ಅನುಕೂಲ ಸನ್ನಿವೇಶದಲ್ಲಿ ಎರಡು ತಿಂಗಳೊಳಗಾಗಿ ಪ್ರೌಢವಾಗುತ್ತವೆ. ಆಹಾರವೂ ಸ್ಥಳವೂ ಕಡಿಮೆಯಾದಾಗ ಸಂತಾನವು ತಾನಾಗಿಯೇ ಕುಗ್ಗುವುದರಿಂದ, ತೊಟ್ಟಿಯು ಹುಳುಗಳಿಂದ ತುಂಬಿ ಹೊರಚೆಲ್ಲುವುದೆಂಬ ಭಯವು ನಿರಾಧಾರವಾದುದು.

ಸಾಕಣೆಗೆ ಯೋಗ್ಯವಾದ ಜಾತಿಗಳು

ಹೊಲದ ಮಣ್ಣನ್ನು ಅಗೆದಾಗ ಕಾಣುವ ಹುಳುಗಳನ್ನು ತಂದು ತೊಟ್ಟಿಗೆ ಬಿಡುವುದು ನಿಷ್ಫಲ. ಮಣ್ಣನ್ನೇ ತಿನ್ನುತ್ತ ಆಳದಲ್ಲಿ ಬಿಲ ತೋಡಿ ಬಾಳುವ ಆ ಜಾತಿಗಳಿಗೆ ಅಡುಗೆಕಸದ ಪೆಟ್ಟಿಗೆಯು ಸೆರೆಮನೆ. ಬೇಕಾದವು ನೆಲದ ಮೇಲ್ಪದರದಲ್ಲಿ, ಉದುರಿದ ಎಲೆ ಮತ್ತು ಸಗಣಿಯ ನಡುವೆ ವಾಸಿಸುವ ಜಾತಿಗಳು. ಕರ್ನಾಟಕದಲ್ಲಿ ಬಳಕೆಯಲ್ಲಿರುವವು ಮುಖ್ಯವಾಗಿ ಮೂರು. ಯೂಡ್ರಿಲಸ್ ಯೂಜೀನಿಯೆ ದೊಡ್ಡದಾಗಿಯೂ ನೇರಳೆ ಮಿಶ್ರಿತ ಕಂದುಬಣ್ಣದ್ದಾಗಿಯೂ ಇದ್ದು, ಉಷ್ಣಪ್ರದೇಶದ ಜೀವಿಯಾದ ಕಾರಣ ಬೆಂಗಳೂರಿನ ಬಹುಪಾಲು ತಿಂಗಳುಗಳಲ್ಲಿ ಉತ್ಸಾಹದಿಂದ ತಿಂದು ಬೆಳೆಯುತ್ತದೆ. ಚಳಿಯನ್ನು ಮಾತ್ರ ಸಹಿಸದು. ಐಸೀನಿಯ ಫೆಟಿಡ ಸಣ್ಣದು, ಕೆಂಪು ಮೈಮೇಲೆ ತೆಳುವಾದ ಪಟ್ಟೆಗಳುಳ್ಳದ್ದು, ಚಳಿಯನ್ನೂ ಆಹಾರದ ಏರುಪೇರುಗಳನ್ನೂ ತಾಳಿಕೊಳ್ಳತಕ್ಕುದು. ಹೊಸಬರಿಗೆ ಇದೇ ಕ್ಷೇಮ. ಸ್ವದೇಶೀಯವಾದ ಪೆರಿಯೋನಿಕ್ಸ್ ತೆಳ್ಳಗೆ ಚುರುಕಾಗಿದ್ದು, ಹೆಚ್ಚು ತೇವವನ್ನು ಮೆಚ್ಚುತ್ತದೆ. ಮಳೆಯ ರಾತ್ರಿಗಳಲ್ಲಿ ತೊಟ್ಟಿಯಿಂದ ಹೊರಹೋಗುವ ಸ್ವಭಾವವೊಂದನ್ನು ಬಿಟ್ಟರೆ ಅದರಲ್ಲಿ ದೋಷವಿಲ್ಲ. ಗಾಂಧಿ ಕೃಷಿ ವಿಜ್ಞಾನ ಕೇಂದ್ರದಲ್ಲಿ ವರ್ಷಕ್ಕೊಮ್ಮೆ ನಡೆಯುವ ಕೃಷಿಮೇಳವು ಈ ಹುಳುಗಳನ್ನು ಕಣ್ಣಾರೆ ಕಂಡು, ಬಲ್ಲವರಿಂದ ಕೇಳಿ ತಿಳಿಯಲು ಪ್ರಶಸ್ತವಾದ ಸಂದರ್ಭ.

ಮೊದಲೆರಡು ಜಾತಿಗಳು ಹೊರದೇಶದಿಂದ ಬಂದವು. ಹೆಚ್ಚಾದ ಹುಳುಗಳನ್ನು ಜಕ್ಕೂರು, ರಾಚೇನಹಳ್ಳಿ ಮೊದಲಾದ ಕೆರೆಗಳ ದಂಡೆಗೋ ಕಾಡಿಗೋ ಒಯ್ದು ಬಿಡುವುದು ಪುಣ್ಯಕಾರ್ಯವೆಂದು ತೋರಿದರೂ ಸರಿಯಾದ ನಡೆಯಲ್ಲ. ಸಾಕಲು ಇಚ್ಛೆಯುಳ್ಳ ನೆರೆಯವರಿಗೆ ಕೊಡುವುದು ಉತ್ತಮ.

ತೊಟ್ಟಿಯ ರಚನೆ

ಆರ್.ಟಿ. ನಗರದ ಮೂವತ್ತು ನಲವತ್ತರ ನಿವೇಶನದ ಮನೆಗೂ, ಹೆಬ್ಬಾಳದ ಬಹುಮಹಡಿ ಕಟ್ಟಡದ ಬಾಲ್ಕನಿಗೂ ಒಂದೇ ತತ್ತ್ವವು ಅನ್ವಯಿಸುತ್ತದೆ: ಎರೆತೊಟ್ಟಿಯು ಆಳಕ್ಕಿಂತ ಅಗಲವಾಗಿರತಕ್ಕುದು. ಸುಮಾರು 60 ಸೆಂಟಿಮೀಟರ್ ಉದ್ದ, 45 ಸೆಂಟಿಮೀಟರ್ ಅಗಲ, 30 ಸೆಂಟಿಮೀಟರ್ ಆಳವಿರುವ ಪ್ಲಾಸ್ಟಿಕ್ ಡಬ್ಬಿಯಾಗಲಿ ಮರದ ಪೆಟ್ಟಿಗೆಯಾಗಲಿ ಸಣ್ಣ ಸಂಸಾರದ ಆರಂಭಕ್ಕೆ ಸಾಕು. ತಳದಲ್ಲಿ ನೀರು ಇಳಿದುಹೋಗಲು ರಂಧ್ರಗಳನ್ನೂ, ಪಕ್ಕಗಳಲ್ಲಿ ಗಾಳಿಯಾಡಲು ಸಣ್ಣ ತೂತುಗಳನ್ನೂ ಕೊರೆದು, ಇಟ್ಟಿಗೆಗಳ ಮೇಲೆ ಎತ್ತರಿಸಿ, ಅಡಿಯಲ್ಲಿ ಒಂದು ತಟ್ಟೆಯನ್ನಿರಿಸಬೇಕು. ನೆಲದ ಮೇಲೆ ಜಾಗವಿರುವ ಯಲಹಂಕದ ಹಳೆಯ ಮನೆಗಳಲ್ಲಿ ಇಟ್ಟಿಗೆಯ ತೊಟ್ಟಿಯನ್ನೇ ಕಟ್ಟಿಸಬಹುದು. ಮೇಲೊಂದು ಚಪ್ಪರದ ನೆರಳು ಮಾತ್ರ ಅನಿವಾರ್ಯ.

ತೊಟ್ಟಿಯೊಳಗೆ ಮೊದಲು ಹಾಸಿಗೆಯ ಪದರವನ್ನು ಸಿದ್ಧಪಡಿಸತಕ್ಕುದು. ನೀರಿನಲ್ಲಿ ನೆನೆಸಿ ಹಿಂಡಿದ ತೆಂಗಿನ ನಾರಿನ ಪುಡಿ, ಹರಿದ ಹಳೆಯ ವೃತ್ತಪತ್ರಿಕೆ, ಹೊಂಗೆ ಮುಂತಾದ ಮರಗಳಿಂದ ಉದುರಿದ ಒಣ ಎಲೆ, ಇವುಗಳ ಜೊತೆಗೆ ಎರಡು ಮೂರು ವಾರ ಹಳೆಯದಾದ ಸಗಣಿಯನ್ನು ಬೆರೆಸಿ ಸುಮಾರು 15 ಸೆಂಟಿಮೀಟರ್ ಎತ್ತರಕ್ಕೆ ಹರಡಿದರೆ ಹಾಸಿಗೆ ಸಿದ್ಧ. ಹೊಸ ಸಗಣಿಯು ಕಳಿಯುವಾಗ ಕಾವೇರಿ ಹುಳುಗಳನ್ನು ಕೊಲ್ಲುವುದರಿಂದ ಅದನ್ನು ಎಂದಿಗೂ ಬಳಸಬಾರದು. ನಾರಿನ ಪುಡಿಯಲ್ಲಿ ಉಪ್ಪಿನ ಅಂಶವಿರುವ ಸಂಭವವಿದ್ದು, ಎರಡು ಮೂರು ಬಾರಿ ತೊಳೆದು ಉಪಯೋಗಿಸುವುದು ಲೇಸು. ಒಂದು ಹಿಡಿ ಮಣ್ಣನ್ನು ಚಿಮುಕಿಸುವುದರಿಂದ ಹುಳುವಿನ ಅರೆಜಠರಕ್ಕೆ ಬೇಕಾದ ಮರಳಿನ ಕಣಗಳು ದೊರೆಯುತ್ತವೆ. ಹಾಸಿಗೆಯನ್ನು ಒಂದು ಹಿಡಿ ತೆಗೆದು ಬಲವಾಗಿ ಹಿಂಡಿದಾಗ ಒಂದೆರಡು ಹನಿ ಮಾತ್ರ ತೊಟ್ಟಿಕ್ಕಿದರೆ ತೇವವು ಹಿತಮಿತವಾಗಿದೆಯೆಂದು ತಿಳಿಯಬೇಕು. ಕೆಲವು ದಿನ ಹಾಗೆಯೇ ಬಿಟ್ಟು, ಒಳಗೆ ಕೈಯಿಟ್ಟು ಕಾವಿಲ್ಲವೆಂಬುದನ್ನು ನಿಶ್ಚಯಿಸಿಕೊಂಡ ಅನಂತರವೇ ಹುಳುಗಳನ್ನು ಮೇಲೆ ಹರಡಬೇಕು; ಅವು ಬೆಳಕಿಗೆ ಅಂಜಿ ತಾವಾಗಿಯೇ ಒಳಗಿಳಿಯುತ್ತವೆ. ಎಲ್ಲಕ್ಕೂ ಮೇಲೆ ಒದ್ದೆಯ ಗೋಣಿತಾಟನ್ನು ಹೊದಿಸಿ ಮುಚ್ಚತಕ್ಕುದು.

ಆಹಾರಕ್ರಮ

ಹುಳುಗಳು ಚೆನ್ನಾಗಿ ನೆಲೆಗೊಂಡ ಮೇಲೆ ದಿನವೊಂದಕ್ಕೆ ತಮ್ಮ ಒಟ್ಟು ತೂಕದ ಅರ್ಧದಷ್ಟನ್ನು ತಿನ್ನುವುವೆಂಬುದು ಸಾಮಾನ್ಯ ಲೆಕ್ಕ. ಅರ್ಧ ಕಿಲೋ ಹುಳುವಿನಿಂದ ಆರಂಭಿಸಿದವನು ದಿನಕ್ಕೆ ಸುಮಾರು 250 ಗ್ರಾಂ ಕಸವನ್ನು ಕೊಡಬಹುದೆಂದಾಯಿತು. ಆದರೆ ಮೊದಲ ವಾರಗಳಲ್ಲಿ ಅದರ ಅರ್ಧಕ್ಕಿಂತಲೂ ಕಡಿಮೆ ಕೊಟ್ಟು, ಕೊಟ್ಟದ್ದು ಮಾಯವಾಗುವ ವೇಗವನ್ನು ನೋಡಿ ಕ್ರಮೇಣ ಹೆಚ್ಚಿಸುವುದು ವಿವೇಕ. ಗೃಹ ಎರೆತೊಟ್ಟಿಗಳು ವಿಫಲವಾಗುವುದಕ್ಕೆ ಹಸಿವಿಗಿಂತ ಅತಿಭೋಜನವೇ ಹೆಚ್ಚಾಗಿ ಕಾರಣ: ಮಿಕ್ಕ ಆಹಾರವು ಗಾಳಿಯಿಲ್ಲದೆ ಕೊಳೆತು ಹುಳಿಯಾಗಿ, ಕಾವನ್ನೂ ದುರ್ಗಂಧವನ್ನೂ ಹುಟ್ಟಿಸುತ್ತದೆ. ಮನೆಯ ಕಸವು ತೊಟ್ಟಿಯ ಶಕ್ತಿಯನ್ನು ಮೀರಿದರೆ ಎರಡನೆಯ ತೊಟ್ಟಿಯನ್ನು ಆರಂಭಿಸಬೇಕೇ ಹೊರತು ಮೊದಲನೆಯದರ ಮೇಲೆ ಹೊರಿಸಬಾರದು.

ತರಕಾರಿಯ ಸಿಪ್ಪೆ, ಸೊಪ್ಪಿನ ದಂಟು, ಬಾಳೆಹಣ್ಣು, ಪರಂಗಿ, ಕಲ್ಲಂಗಡಿಗಳ ಸಿಪ್ಪೆ, ಕಾಫಿ ಫಿಲ್ಟರಿನಲ್ಲಿ ಉಳಿದ ಚರಟ, ದೇವರ ಮನೆಯ ಬಾಡಿದ ಹೂವು, ಹಬ್ಬಕ್ಕೆ ತಂದ ಬಾಳೆಕಂದಿನ ತುಂಡು, ಇವೆಲ್ಲವೂ ಎರೆಹುಳುವಿಗೆ ಪಥ್ಯವಾದವು. ಹೂಮಾಲೆಯ ದಾರವನ್ನೂ ಪ್ಲಾಸ್ಟಿಕ್ ಎಳೆಗಳನ್ನೂ ಮೊದಲೇ ಬೇರ್ಪಡಿಸಬೇಕು. ಒಣಗಿಸಿ ಪುಡಿಮಾಡಿದ ಮೊಟ್ಟೆಯ ಓಡು ಹುಳಿಯಂಶವನ್ನು ತಗ್ಗಿಸುತ್ತದೆ. ನಿಂಬೆ, ಕಿತ್ತಳೆ, ಮೋಸಂಬಿಗಳ ಸಿಪ್ಪೆ, ಈರುಳ್ಳಿ, ಬೆಳ್ಳುಳ್ಳಿ, ಹಸಿಮೆಣಸಿನಕಾಯಿಗಳನ್ನು ಅತ್ಯಲ್ಪವಾಗಿ ಮಾತ್ರ ಹಾಕಬಹುದು. ಉಪ್ಪು, ಎಣ್ಣೆ, ಹುಣಿಸೆಹುಳಿಗಳಿಂದ ಕೂಡಿದ ಸಾರು, ಪಲ್ಯ, ಉಪ್ಪಿನಕಾಯಿಗಳೂ, ಹಾಲು ಮೊಸರುಗಳೂ, ಮಾಂಸ ಮೂಳೆಗಳೂ ತೊಟ್ಟಿಗೆ ವರ್ಜ್ಯ. ಈ ಕ್ರಮದಲ್ಲಿ ರೋಗಾಣುಗಳನ್ನು ಕೊಲ್ಲುವಷ್ಟು ಕಾವು ಉಂಟಾಗದ ಕಾರಣ ನಾಯಿ ಬೆಕ್ಕುಗಳ ಮಲವನ್ನು ಸರ್ವಥಾ ಸೇರಿಸಕೂಡದು. ತೊಟ್ಟಿಯನ್ನು ಮುಟ್ಟಿದ ಬಳಿಕ ಸೋಪಿನಿಂದ ಕೈ ತೊಳೆಯುವುದು ನಿತ್ಯನಿಯಮವಾಗಿರಬೇಕು.

ಬೆಂಗಳೂರಿನ ಅಡುಗೆಮನೆಗೆ ವಿಶಿಷ್ಟವಾದ ಒಂದು ಪ್ರಶ್ನೆಯುಂಟು. ಮಾರ್ಗಶಿರ, ಪುಷ್ಯ ಮಾಸಗಳಲ್ಲಿ ಸೊಗಡಿನ ಅವರೆಕಾಯಿಯು ಬಂದಿತೆಂದರೆ ಮನೆಮನೆಯಲ್ಲಿಯೂ ಸಿಪ್ಪೆಯ ರಾಶಿ ಬೀಳುತ್ತದೆ. ಹೆಬ್ಬಾಳದ ವಿಜ್ಞಾನಿಗಳೇ ಬೆಳೆಸಿದ ಎಚ್.ಎ.-3, ಎಚ್.ಎ.-4 ಎಂಬ, ಋತುವನ್ನು ನಿರೀಕ್ಷಿಸದೆ ಫಲಿಸುವ ತಳಿಗಳಿಂದಾಗಿ ಅನ್ಯಕಾಲದಲ್ಲಿಯೂ ಅವರೆಯು ಸಿಗುವಂತಾಗಿದೆ. ಈ ಸಿಪ್ಪೆಯು ಸಾರಜನಕದಿಂದ ಸಮೃದ್ಧವೂ ನಾರಿನಿಂದ ಗಟ್ಟಿಯೂ ಆಗಿರುವುದರಿಂದ, ಹಸಿಯಾಗಿ ಒಟ್ಟಿದರೆ ಕಾವೇರುವುದು ನಿಶ್ಚಯ. ಅದನ್ನು ಕತ್ತರಿಸಿ, ಬೇರೊಂದು ಬುಟ್ಟಿಯಲ್ಲಿ ಒಣ ಎಲೆಯೊಡನೆ ಹತ್ತು ಹದಿನೈದು ದಿನ ಕಳಿಸಿ, ಕಾವು ಇಳಿದ ಅನಂತರ ತೊಟ್ಟಿಗೆ ಹಾಕತಕ್ಕುದು. ಬೇಸಗೆಯ ಹಲಸಿನ ಸೊಪ್ಪೆಗೂ ಮಾವಿನ ಸಿಪ್ಪೆಗೂ ಇದೇ ಕ್ರಮ.

ಋತುಚರ್ಯೆ ಮತ್ತು ತೊಂದರೆಗಳು

ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನ ಸಮಶೀತೋಷ್ಣತೆಯು ಎರೆಹುಳುವಿಗೆ ಬಹುಮಟ್ಟಿಗೆ ಅನುಕೂಲವಾದುದು. ಆದರೂ 2016ರ ಏಪ್ರಿಲ್ ತಿಂಗಳಲ್ಲಿ ಇಲ್ಲಿ ಉಷ್ಣತೆಯು 39.2 ಡಿಗ್ರಿ ಸೆಲ್ಸಿಯಸ್ಸಿಗೆ ಏರಿತ್ತೆಂಬುದನ್ನು ಮರೆಯಲಾಗದು. ತೊಟ್ಟಿಯೊಳಗಿನ ಉಷ್ಣತೆಯು 35 ಡಿಗ್ರಿಯನ್ನು ಮುಟ್ಟಿತೆಂದರೆ ಹುಳುಗಳು ಅಪಾಯದಲ್ಲಿವೆ. ಬಿಸಿಲಿನ ತಿಂಗಳುಗಳಲ್ಲಿ ತೊಟ್ಟಿಯನ್ನು ಉತ್ತರ ಅಥವಾ ಪೂರ್ವದ ನೆರಳಿಗೆ ಸರಿಸಿ, ಗೋಣಿತಾಟನ್ನು ಎರಡು ಹೊತ್ತು ತೋಯಿಸಿ, ಆಹಾರವನ್ನು ಕಡಿಮೆಮಾಡಬೇಕು. ಸೆಪ್ಟೆಂಬರ್, ಅಕ್ಟೋಬರ್ ತಿಂಗಳ ಜಡಿಮಳೆಯಲ್ಲಿ ನೀರು ಒಳನುಗ್ಗದಂತೆ ಮುಚ್ಚಿ, ಒಣ ಎಲೆಯನ್ನು ಹೆಚ್ಚಾಗಿ ಸೇರಿಸಬೇಕು. ನಗರಮಧ್ಯಕ್ಕಿಂತ ಬಯಲು ಹೆಚ್ಚಾಗಿರುವ ಯಲಹಂಕದ ಕಡೆ ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ ಯೂಡ್ರಿಲಸ್ ಮಂದವಾಗುವುದು ಸಹಜ. ತೊಟ್ಟಿಯನ್ನು ಗೋಡೆಗೆ ಒತ್ತರಿಸಿ ಹೊದಿಕೆಯನ್ನು ದಪ್ಪವಾಗಿಸಿದರೆ ಸಾಕು.

ಒಳ್ಳೆಯ ಎರೆತೊಟ್ಟಿಗೆ ಮೊದಲ ಮಳೆಗೆ ತೊಯ್ದ ನೆಲದ ವಾಸನೆಯಿರುತ್ತದೆ. ಅದು ಕೆಟ್ಟು ನಾತ ಬಂದರೆ ನೀರೋ ಆಹಾರವೋ ಅತಿಯಾಗಿದೆಯೆಂದು ಅರ್ಥ. ಕೊಳೆತುದನ್ನು ತೆಗೆದು, ಮೆಲ್ಲನೆ ಸಡಿಲಿಸಿ, ಹರಿದ ಕಾಗದವನ್ನು ಬೆರೆಸಬೇಕು. ಹಣ್ಣಿನ ನೊಣಗಳು ಕವಿದರೆ ಆಹಾರವನ್ನು ಹಾಸಿಗೆಯೊಳಗೆ ಹೂಳುವುದರಿಂದ ನಿವಾರಣೆಯಾಗುವುದು. ಇರುವೆಯ ಸಾಲು ಕಂಡರೆ ತೊಟ್ಟಿ ಒಣಗಿದೆಯೆಂಬುದು ಸೂಚನೆ. ನೀರು ತುಂಬಿದ ಬಟ್ಟಲುಗಳಲ್ಲಿ ಅದರ ಕಾಲುಗಳನ್ನಿರಿಸುವ ಹಳೆಯ ಉಪಾಯವು ಇಂದಿಗೂ ಸರಿಸಾಟಿಯಿಲ್ಲದ್ದು. ಹೆಗ್ಗಣ, ಇಲಿ, ಹಕ್ಕಿಗಳಿಂದ ರಕ್ಷಿಸಲು ತಂತಿಬಲೆಯನ್ನು ಬಿಗಿಯತಕ್ಕುದು. ಹುಳುಗಳು ಗುಂಪಾಗಿ ಗೋಡೆಯನ್ನೇರುತ್ತಿದ್ದರೆ ಒಳಗಿನ ಸ್ಥಿತಿ ಅವುಗಳಿಗೆ ಅಸಹ್ಯವಾಗಿದೆಯೆಂದು ಗ್ರಹಿಸಿ, ಆ ದಿನವೇ ಕಾರಣವನ್ನು ಹುಡುಕಬೇಕು.

ಗೊಬ್ಬರದ ಸಂಗ್ರಹ ಮತ್ತು ಉಪಯೋಗ

ಸುಮಾರು ಎರಡು ಮೂರು ತಿಂಗಳಲ್ಲಿ ತೊಟ್ಟಿಯೊಳಗಣ ವಸ್ತುವು ಮೂಲರೂಪವನ್ನು ಕಳೆದುಕೊಂಡು, ಚಹಾಪುಡಿಯಂತೆ ಕಪ್ಪಾಗಿ ಹರಳುಹರಳಾಗುತ್ತದೆ. ಆಗ ನೀರು ಚಿಮುಕಿಸುವುದನ್ನು ಮೂರು ನಾಲ್ಕು ದಿನ ನಿಲ್ಲಿಸಿ, ಅದನ್ನು ಪ್ಲಾಸ್ಟಿಕ್ ಹಾಳೆಯ ಮೇಲೆ ಶಂಕುವಿನಾಕಾರದ ಗುಡ್ಡೆಗಳಾಗಿ ಬೆಳಕಿನಲ್ಲಿ, ಆದರೆ ಬಿಸಿಲು ತಾಗದಂತೆ ಸುರಿದರೆ, ಹುಳುಗಳು ತಳಕ್ಕೆ ಸರಿಯುತ್ತವೆ. ಮೇಲಿನ ಗೊಬ್ಬರವನ್ನು ಪದರಪದರವಾಗಿ ತೆಗೆದು ಜರಡಿ ಹಿಡಿಯಬಹುದು. ಮತ್ತೊಂದು ಕ್ರಮದಲ್ಲಿ ತೊಟ್ಟಿಯ ಒಂದೇ ಪಾರ್ಶ್ವಕ್ಕೆ ಹೊಸ ಆಹಾರವನ್ನು ಹಾಕುತ್ತ ಬರಲು, ಹುಳುಗಳು ಆ ಕಡೆಗೆ ವಲಸೆ ಹೋಗಿ ಇನ್ನೊಂದು ಪಾರ್ಶ್ವದ ಗೊಬ್ಬರವು ಬಿಡುವಾಗುತ್ತದೆ. ಹಸಿ ತರಕಾರಿಯ ಬಹುಭಾಗವು ನೀರೇ ಆದುದರಿಂದ ದೊರೆಯುವ ಗೊಬ್ಬರವು ಹಾಕಿದ ಕಸದ ಅಲ್ಪಾಂಶ ಮಾತ್ರ, ಇದನ್ನು ನಷ್ಟವೆಂದೆಣಿಸಬೇಕಾದುದಿಲ್ಲ.

ಬೆಂಗಳೂರಿನ ಕೆಂಪುಮಣ್ಣು ಸ್ವಭಾವತಃ ಸಾವಯವಾಂಶದಲ್ಲಿ ಬಡವಾದುದು. ಬಿಸಿಲಿಗೆ ಗಟ್ಟಿಯಾಗಿ, ನೀರನ್ನು ಹಿಡಿದಿಟ್ಟುಕೊಳ್ಳಲಾರದೆ ಹೋಗುತ್ತದೆ. ಅಂತಹ ಮಣ್ಣಿನ ಮೂರು ಭಾಗಕ್ಕೆ ಎರೆಗೊಬ್ಬರದ ಒಂದು ಭಾಗವನ್ನು ಬೆರೆಸಿದರೆ ಕುಂಡಗಳ ತುಳಸಿ, ಕರಿಬೇವು, ದಾಸವಾಳ, ಮಲ್ಲಿಗೆಗಳಿಗೆ ಯೋಗ್ಯವಾದ ಮಿಶ್ರಣವಾಗುವುದು. ಬೆಳೆದ ಗಿಡಗಳಿಗೆ ಒಂದೆರಡು ತಿಂಗಳಿಗೊಮ್ಮೆ ಒಂದೆರಡು ಹಿಡಿ ಸಾಕು. ತಟ್ಟೆಗೆ ಇಳಿದ ಕಪ್ಪು ನೀರನ್ನೇ ಎರೆಜಲವೆಂದು ಭ್ರಮಿಸುವವರಿದ್ದಾರೆ. ಹುಳುಗಳಿರುವ ಪಕ್ವವಾದ ಹಾಸಿಗೆಯ ಮೂಲಕ ಶುದ್ಧಜಲವನ್ನು ಹನಿಹನಿಯಾಗಿ ಇಳಿಸಿ ಪಡೆಯುವ ಎರೆಜಲವು ಬೇರೆ, ಅರೆಕೊಳೆತ ಕಸದಿಂದ ಸೋರಿದ ರಸ ಬೇರೆ. ಎರಡನೆಯದನ್ನು ಹತ್ತುಪಟ್ಟು ನೀರು ಸೇರಿಸಿ ಹೂಗಿಡಗಳ ಬುಡಕ್ಕೆ ಹಾಕಬಹುದೇ ವಿನಾ ಹಸಿಯಾಗಿ ತಿನ್ನುವ ಸೊಪ್ಪಿನ ಮೇಲೆ ಸಿಂಪಡಿಸಲಾಗದು.

ನಗರಜೀವನದಲ್ಲಿ ಇದರ ಸ್ಥಾನ

ಬೆಂಗಳೂರು ತನ್ನ ಕಸವನ್ನು ಬಹುವರ್ಷಗಳ ಕಾಲ ಹಳ್ಳಿಗಳ ಮೇಲೆ ಹೇರಿತು. ಯಲಹಂಕದ ಆಚೆಯಿರುವ ಮಾವಳ್ಳಿಪುರದ ಜನರು, ತಮ್ಮ ಅಂತರ್ಜಲವೂ ಗಾಳಿಯೂ ಕೆಟ್ಟುವೆಂದು ದೀರ್ಘಕಾಲ ಹೋರಾಡಿದ ಮೇಲೆ 2012ರಲ್ಲಿ ಅಲ್ಲಿ ಕಸ ಸುರಿಯುವುದು ನಿಂತಿತು; ಹೊರೆಯು ಮಂಡೂರಿಗೆ ಸರಿದು, 2014ರ ಅಂತ್ಯಕ್ಕೆ ಅಲ್ಲಿಯೂ ನಿಲ್ಲಬೇಕಾಯಿತು. 2015ರ ಡಿಸೆಂಬರಿನಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯವು ಎರಡು ಬುಟ್ಟಿ, ಒಂದು ಚೀಲದ ಕ್ರಮದಲ್ಲಿ ಮನೆಯಲ್ಲಿಯೇ ಕಸವನ್ನು ವಿಂಗಡಿಸಬೇಕೆಂದು ವಿಧಿಸಿತು; 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ದೊಡ್ಡ ವಸತಿಸಮುಚ್ಚಯಗಳು ತಮ್ಮ ಹಸಿಕಸವನ್ನು ಸಾಧ್ಯವಾದಮಟ್ಟಿಗೆ ತಮ್ಮಲ್ಲಿಯೇ ಸಂಸ್ಕರಿಸತಕ್ಕುದೆಂದು ನಿರ್ದೇಶಿಸಿದುವು. ಹಸಿಕಸವು ಒಣಕಸದೊಡನೆ ಬೆರೆತು, ರಾಶಿಯಾಗಿ, ಗಾಳಿಯಿಲ್ಲದೆ ಕೊಳೆತಾಗಲೇ ವಿಷರಸವೂ ಮೀಥೇನ್ ಅನಿಲವೂ ಹುಟ್ಟುವುವು. ಅದೇ ವಸ್ತುವು ಅಲ್ಪಪ್ರಮಾಣದಲ್ಲಿ, ಗಾಳಿಯಾಡುವಲ್ಲಿ, ಹುಳುಗಳ ವಶವಾದಾಗ ನಿರಪಾಯವಾದ ಗೊಬ್ಬರವಾಗುತ್ತದೆ. ಮಾವಳ್ಳಿಪುರದ ಸಂಕಟಕ್ಕೂ ಮನೆಯ ತೊಟ್ಟಿಗೂ ಇರುವ ಸಂಬಂಧವು ಈ ಒಂದು ರಾಸಾಯನಿಕ ಸತ್ಯದಲ್ಲಿದೆ.

ಎರೆಹುಳು ಸಾಕಣೆಯು ಎಲ್ಲ ಮನೆಗೂ ಒಪ್ಪುವ ಪರಿಹಾರವೆಂದು ಹೇಳಲಾಗದು. ತಿಂಗಳುಗಟ್ಟಲೆ ಪರಸ್ಥಳದಲ್ಲಿರುವವರು, ನೆರಳಿಲ್ಲದ ತಾರಸಿಯೊಂದನ್ನೇ ಹೊಂದಿರುವವರು, ಬೇಯಿಸಿದ ಆಹಾರದ ಶೇಷವೇ ಹೆಚ್ಚಾಗಿರುವವರು ಹುಳುಗಳಿಲ್ಲದ ಸಾಮಾನ್ಯ ಕಾಂಪೋಸ್ಟ್ ವಿಧಾನವನ್ನು ಅನುಸರಿಸುವುದು ಒಳ್ಳೆಯದು. 2006ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಡೈಲಿ ಡಂಪ್ ಸಂಸ್ಥೆಯು ರೂಢಿಗೆ ತಂದ, ಒಂದರ ಮೇಲೊಂದು ಜೋಡಿಸುವ ಮಣ್ಣಿನ ಕುಂಡಗಳು ಅದಕ್ಕೆ ತಕ್ಕವು. ಆದರೆ ಪ್ರತಿದಿನ ಕೆಲವು ನಿಮಿಷಗಳ ಗಮನವನ್ನು ಕೊಡಬಲ್ಲ ಗೃಹಸ್ಥರಿಗೆ ಇದಕ್ಕಿಂತ ಉಪಯುಕ್ತವಾದ ಗೃಹಕೃತ್ಯ ವಿರಳ. ತನ್ನ ಉಚ್ಛಿಷ್ಟವು ಎಲ್ಲಿಗೆ ಹೋಗುವುದೆಂಬುದನ್ನು ಅರಿತು, ಅದರ ಹೊಣೆಯನ್ನು ಅನ್ಯರ ಊರಿಗೆ ದಾಟಿಸದೆ ತಾನೇ ಹೊತ್ತು ಬಾಳುವ ಸಂಸಾರವು ನಗರಕ್ಕೆ ಸಲ್ಲಿಸುವ ಸೇವೆಯು ಅಲ್ಪವಾದುದಲ್ಲ. ಮಕ್ಕಳು ಆ ತೊಟ್ಟಿಯ ಪಕ್ಕದಲ್ಲಿ ಕಲಿಯುವ ಜೀವಶಾಸ್ತ್ರವೂ ನಾಗರಿಕ ಧರ್ಮವೂ ಪಠ್ಯಪುಸ್ತಕಕ್ಕಿಂತ ದೃಢವಾಗಿ ಮನಸ್ಸಿನಲ್ಲಿ ನಿಲ್ಲತಕ್ಕವು. ಹೆಬ್ಬಾಳದ ವಿಜ್ಞಾನಿಗಳು ದಶಕಗಳ ಶ್ರಮದಿಂದ ಸಿದ್ಧಗೊಳಿಸಿದ ಈ ವಿದ್ಯೆಯನ್ನು ಅದರ ಸುತ್ತಲಿನ ಬಡಾವಣೆಗಳ ಪ್ರತಿಯೊಂದು ಮನೆಯೂ ತನ್ನ ಶಕ್ತ್ಯನುಸಾರ ಕೈಗೊಳ್ಳುವುದು ಅಪೇಕ್ಷಣೀಯ.